ಹಳೆಯ ಬೈಸಿಕಲ್ಲಿನ ಮುಂದಣ ಗೇರು

ಲಿಂಗಸೂಗೂರು, ಮಸ್ಕಿ, ಸಿಂಧನೂರುಗಳು ಒಂದೇ ಹೆದ್ದಾರಿಯ ಮೇಲಿರುವ ಮೂರು ಊರುಗಳು. ಈ ಸೀಮೆಯ ಮನೆಗಳಿಗೆ ಬೈಸಿಕಲ್ಲು ಹೊಸತಲ್ಲ. ಹೊಲಕ್ಕೆ ಬುತ್ತಿ ಒಯ್ಯುವುದಕ್ಕೂ, ಸಂತೆಗೂ, ಶಾಲೆಗೂ ಅದು ಬಹುಕಾಲದಿಂದ ಒದಗುತ್ತಿದೆ. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚಲಾರಂಭಿಸಿದ ಮೇಲಂತೂ ಬಡವರ ಪಡಸಾಲೆಯಲ್ಲಿಯೂ ಅದು ಬಂದು ನಿಂತಿತು. ಆದರೆ ಅವು ಒಂದೇ ಗೇರಿನವು. ಈಗ ನಗರದ ನೆಂಟರಿಂದಲೋ ಹಳೆಯ ಸಾಮಾನಿನ ಅಂಗಡಿಯಿಂದಲೋ ಹಲವು ಗೇರುಗಳ ಬೈಸಿಕಲ್ಲನ್ನು ಕೊಂಡು ಮಕ್ಕಳಿಗೆ ಕೊಡುವ ಗೃಹಸ್ಥರಿದ್ದಾರೆ. ಅಂಥವರಿಗಾಗಿ ಈ ತಿಂಗಳಿನ ಮಾತು.

ಇಂಥ ಬೈಸಿಕಲ್ಲು ಮನೆಗೆ ಬಂದ ವಾರದೊಳಗೆ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ: ಎಡಗೈಯ ಗೇರನ್ನು ಮುಟ್ಟಿದೊಡನೆ ಚೈನು ಕಳಚುವುದು, ಇಲ್ಲವೆ ಕರಕರನೆ ಉಜ್ಜುವುದು. ಇದನ್ನು ಅಲ್ಪವೆಂದು ಬಗೆಯಬಾರದು. ಹುಡುಗಿಯೊಬ್ಬಳು ನಿಂತು ತುಳಿಯುತ್ತಿರುವಾಗ ಚೈನು ಕಳಚಿದರೆ ಕಾಲು ಒಮ್ಮೆಗೇ ಆಧಾರ ತಪ್ಪಿ ದೇಹವು ಮುಂದಕ್ಕೆ ಮುಗ್ಗರಿಸುವುದು. ಹಿಂದೆ ಭತ್ತದ ಲಾರಿ ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಾದುದಿಲ್ಲ. ಈ ಭಯದಿಂದಲೇ ಅನೇಕರು ಎಡಗೈಯ ಗೇರನ್ನು ಮುಟ್ಟಬೇಡವೆಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಿಬಿಡುವರು. ಕೊಟ್ಟ ಹಣದಲ್ಲಿ ಒಂದು ಪಾಲು ಅಲ್ಲಿಗೆ ವ್ಯರ್ಥವಾಯಿತು.

ಸಿಂಧನೂರಿನ ನೀರಾವರಿ ಬಯಲಿನಲ್ಲಿ ಗೇರು ಏತಕ್ಕೆ ಎಂದು ಕೇಳಬಹುದು. ಏರು ದಾರಿಗೆ ಮಾತ್ರ ಗೇರು ಬೇಕೆಂಬುದು ಸರಿಯಲ್ಲ. ಆಷಾಢದಲ್ಲಿ ಪಡುವಣ ಗಾಳಿಗೆ ಎದುರಾಗಿ ಮಸ್ಕಿಯತ್ತ ಹೊರಟವನಿಗೆ ಸಮನೆಲವೇ ಗುಡ್ಡವಾಗುವುದು. ಮುಂದಣ ಚಕ್ರಗಳಲ್ಲಿ 48, 38, 28 ಹಲ್ಲುಗಳೂ ಹಿಂದಣವುಗಳಲ್ಲಿ 14ರಿಂದ 28 ಹಲ್ಲುಗಳೂ ಇವೆಯೆನ್ನೋಣ. ದೊಡ್ಡ ಮುಂದಣ ಚಕ್ರದಿಂದ ಅತಿ ಸಣ್ಣ ಹಿಂದಣ ಚಕ್ರಕ್ಕೆ ಚೈನು ಹಾಯ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 7 ಮೀಟರು ದೂರ ಸಾಗುವುದು. ಸಣ್ಣ ಮುಂದಣದಿಂದ ದೊಡ್ಡ ಹಿಂದಣಕ್ಕೆ ಹಾಯ್ದರೆ ಸುಮಾರು 2 ಮೀಟರು ಮಾತ್ರ. ದೂರ ಕಡಿಮೆಯಾದಷ್ಟೂ ಕಾಲಿನ ಶ್ರಮವೂ ಕಡಿಮೆ. ಫ್ರಾನ್ಸಿನ ಪ್ರಸಿದ್ಧ ಬೈಸಿಕಲ್ ಪಂದ್ಯವಾದ ಟೂರ್ ದ ಫ್ರಾನ್ಸಿನಲ್ಲಿ ಚೈನು ದಾಟಿಸುವ ಗೇರಿಗೆ 1937ರಲ್ಲಿ ಸಮ್ಮತಿ ದೊರೆಯಿತು. ಜಟ್ಟಿಗಳಿಗೇ ಬೇಕಾದ ಅನುಕೂಲವು ನಮ್ಮ ಮಕ್ಕಳಿಗೆ ಬೇಡವೆ?

ಪೆಡಲಿನ ಬಳಿ ಚೈನಿನ ಇಕ್ಕೆಲಗಳಲ್ಲಿಯೂ ಎರಡು ತಗಡುಗಳಿರುವ ಸಾಧನವೇ ಮುಂದಣ ಡಿರೇಲರ್. ಎಡಗೈಯ ಗೇರಿನಿಂದ ಬರುವ ತಂತಿಯು ಎಳೆದಾಗ ಅದು ಚೈನನ್ನು ಹೊರಗಿನ ದೊಡ್ಡ ಚಕ್ರಕ್ಕೆ ತಳ್ಳುವುದು. ತಂತಿ ಸಡಿಲಿದಾಗ ಒಳಗಿನ ಸ್ಪ್ರಿಂಗು ಅದನ್ನು ಸಣ್ಣ ಚಕ್ರದತ್ತ ಸರಿಸುವುದು. ಅದರ ಮೈಮೇಲೆ ಎರಡು ಪುಟ್ಟ ತಿರುಪುಗಳಿರುವುವು. ಎಲ್ ಎಂಬುದು ಒಳಗಿನ ಎಲ್ಲೆ, ಎಚ್ ಎಂಬುದು ಹೊರಗಿನ ಎಲ್ಲೆ. ಚೈನು ಈ ಎಲ್ಲೆಯನ್ನು ಮೀರದಂತೆ ಕಾಯುವುದಷ್ಟೇ ಅವುಗಳ ಕೆಲಸ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದುಂಟು. ತಿರುಪುಗಳು ತಾವಾಗಿ ತಿರುಗಿಕೊಳ್ಳುವುದು ಅಪರೂಪ. ಕೆಡುವುದು ತಂತಿ, ಸೇರುವುದು ಮಣ್ಣು, ಸವೆಯುವುದು ಚೈನು. ಆದರೂ ಗೇರು ಕೆಟ್ಟೊಡನೆ ನಮ್ಮ ಕೈ ಹೋಗುವುದು ತಿರುಪಿಗೆ. ಆಗ ಒಂದಿದ್ದ ದೋಷ ಎರಡಾಗುವುದು. ಪೆಡಲಿನ ಅಚ್ಚಿನ ಕೆಳಗೆ ತಂತಿಯು ಒಂದು ಪ್ಲಾಸ್ಟಿಕ್ಕಿನ ಗಾಡಿಯಲ್ಲಿ ಹಾಯುವುದು ಅನೇಕ ಬೈಸಿಕಲ್ಲುಗಳಲ್ಲಿ ವಾಡಿಕೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ತಿರುಗಾಡಿದ ಬೈಸಿಕಲ್ಲಿನಲ್ಲಿ ಎರೆಮಣ್ಣಿನ ರಾಡಿಯು ಅಲ್ಲಿಯೇ ಮೆತ್ತಿಕೊಂಡು ಬಿಸಿಲಿಗೆ ಒಣಗಿ ಕಲ್ಲಾಗುವುದು. ಆ ಬಳಿಕ ತಂತಿ ಹೊರಕ್ಕೆ ಎಳೆದೀತು, ಒಳಕ್ಕೆ ಮರಳದು. ಆದುದರಿಂದ ಮೊದಲು ತೊಳೆಯಿರಿ. ಬ್ರಷ್ಷಿನಿಂದ ಮಣ್ಣು ಕೆದರಿ, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಕೀಲುಗಳಿಗೆ ಎಣ್ಣೆ ಬಿಡಿರಿ. ತಂತಿಯ ಎಳೆ ಬಿಚ್ಚಿದ್ದರೆ ಇಲ್ಲವೆ ತುಕ್ಕು ಹಿಡಿದಿದ್ದರೆ ಬದಲಿಸಿರಿ. ಅದು ದೊಡ್ಡ ವೆಚ್ಚವಲ್ಲ.

ಅನಂತರ ಚೈನನ್ನು ಅಳೆಯಿರಿ. ಒಂದು ಮೊಳೆಯ ನಡುವಿನಿಂದ ಎಣಿಸಿದರೆ ಇಪ್ಪತ್ತನಾಲ್ಕನೆಯ ಮೊಳೆಯ ನಡುವಿಗೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರರಲ್ಲೊಂದು ಪಾಲು ಹೆಚ್ಚಿದ್ದರೆ ಹೊಸ ಚೈನು ಬೇಕು. ಎಂಟರಲ್ಲೊಂದು ಪಾಲು ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುವ ಸಂಭವ ಬಹಳ. ಈ ಅಳತೆಯನ್ನು ಕೊಳ್ಳುವ ಮೊದಲೇ ಮಾಡಿದರೆ ಬೆಲೆ ಮಾತಾಡುವಾಗ ನೆರವಾಗುವುದು.

ಇಷ್ಟಾದರೂ ಸರಿಹೋಗದಿದ್ದರೆ ತಿರುಪುಳಿಯನ್ನೂ 5 ಮಿಲಿಮೀಟರಿನ ಅಲೆನ್ ಕೀಯನ್ನೂ ತೆಗೆದುಕೊಳ್ಳಿರಿ. ಬೈಸಿಕಲ್ಲಿನ ಸೀಟನ್ನು ತೊಲೆಗೆ ಹಗ್ಗದಿಂದ ಕಟ್ಟಿ ಹಿಂದಣ ಗಾಲಿ ನೆಲ ಬಿಡುವಂತೆ ತೂಗುಹಾಕಿರಿ. ಪೆಡಲು ತಿರುಗುವಾಗ ಮಕ್ಕಳ ಬೆರಳೂ ಸೀರೆಯ ಸೆರಗೂ ಹತ್ತಿರ ಸುಳಿಯದಿರಲಿ.

ಮೊದಲನೆಯದು, ಸ್ಥಾನ. ಡಿರೇಲರಿನ ಹೊರತಗಡು ದೊಡ್ಡ ಚಕ್ರದ ಮೇಲೆ ಬಂದಾಗ ಅದರ ಅಂಚಿಗೂ ಹಲ್ಲಿನ ತುದಿಗೂ 1ರಿಂದ 3 ಮಿಲಿಮೀಟರು ಅಂತರವಿರಬೇಕು. ಒಂದು ರೂಪಾಯಿಯ ನಾಣ್ಯ ಸಲೀಸಾಗಿ ಹಾಯುವಷ್ಟೆಂದರೆ ಸಾಕು. ಮೇಲಿನಿಂದ ನೋಡಿದರೆ ತಗಡು ಚಕ್ರಕ್ಕೆ ಸಮಾನಾಂತರವಾಗಿರಬೇಕು. ಇದು ತಪ್ಪಿದ್ದರೆ ಮುಂದಿನ ಯಾವ ತಿದ್ದುಪಾಟೂ ನಿಲ್ಲದು.

ಎರಡನೆಯದು, ಒಳಗಿನ ಎಲ್ಲೆ. ಎಡಗೈಯ ಗೇರನ್ನು 1ಕ್ಕೆ ಇಳಿಸಿ ತಂತಿಯನ್ನು ಬಿಚ್ಚಿರಿ. ಚೈನು ಮುಂದೆ ಅತಿ ಸಣ್ಣ ಚಕ್ರದ ಮೇಲೂ ಹಿಂದೆ ಅತಿ ದೊಡ್ಡದರ ಮೇಲೂ ಇರಲಿ. ಒಳತಗಡಿಗೂ ಚೈನಿಗೂ ನಡುವೆ ಒಂದು ಲಗ್ನಪತ್ರಿಕೆಯ ದಪ್ಪದಷ್ಟು, ಎಂದರೆ ಅರ್ಧ ಮಿಲಿಮೀಟರಿನೊಳಗೆ, ಎಡೆಯಿರುವಂತೆ ಎಲ್ ತಿರುಪನ್ನು ತಿರುಗಿಸಿರಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಲಕ್ಕೆ ತಿರುಗಿಸಿದಷ್ಟೂ ಎಲ್ಲೆ ಬಿಗಿಯಾಗುವುದು.

ಮೂರನೆಯದು, ತಂತಿ. ಕೈಯಿಂದ ಎಳೆದು ಸಡಿಲು ತೆಗೆದು ಬಿಗಿಯಿರಿ. ಚೈನು ಮೇಲಿನ ಚಕ್ರಕ್ಕೆ ಏರಲು ತಡವರಿಸಿದರೆ ಗೇರಿನ ಬಳಿಯ ಗುಬುಟನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ ತಂತಿಯನ್ನು ಬಿಗಿಮಾಡಿರಿ; ಇಳಿಯಲು ತಡವರಿಸಿದರೆ ಬಲಕ್ಕೆ ತಿರುಗಿಸಿ ಸಡಿಲಿಸಿರಿ.

ನಾಲ್ಕನೆಯದು, ಹೊರಗಿನ ಎಲ್ಲೆ. ಈಗ ಚೈನನ್ನು ಮುಂದಣ ದೊಡ್ಡದಕ್ಕೂ ಹಿಂದಣ ಅತಿ ಸಣ್ಣದಕ್ಕೂ ತಂದು, ಹೊರತಗಡಿಗೂ ಚೈನಿಗೂ ಅಷ್ಟೇ ಎಡೆ ಬರುವಂತೆ ಎಚ್ ತಿರುಪನ್ನು ನಿಲ್ಲಿಸಿರಿ. ಈ ಅನುಕ್ರಮವನ್ನು ಮಾತ್ರ ತಪ್ಪಿಸಬಾರದು. ಪ್ರತಿಯೊಂದೂ ಹಿಂದಿನದರ ಮೇಲೆ ನಿಂತಿದೆ.

ಮೊದಲ ಸವಾರಿಯನ್ನು ಹಿರಿಯರೇ ಮಾಡಲಿ, ಅದೂ ಓಣಿಯಲ್ಲಿ, ಹೆದ್ದಾರಿಯಲ್ಲಲ್ಲ. ಗೇರು ಬದಲಿಸುವಾಗ ಮೆಲ್ಲನೆ ತುಳಿಯಬೇಕೆಂದು ಮಕ್ಕಳಿಗೆ ಕಲಿಸಿರಿ. ದೊಡ್ಡದರಿಂದ ದೊಡ್ಡದಕ್ಕೂ ಸಣ್ಣದರಿಂದ ಸಣ್ಣದಕ್ಕೂ ಚೈನನ್ನು ಓರೆಯಾಗಿ ಹಾಯಿಸಬಾರದೆಂಬುದನ್ನೂ ಹೇಳಿರಿ. ಆಗ ಕೇಳಿಸುವ ಉಜ್ಜುವ ಸದ್ದು ಗೇರಿನ ದೋಷವಲ್ಲ. ಎಡಗೈಯ ಗೇರೇ ಮುರಿದು ಬಿಡಿಭಾಗ ದೊರೆಯದಿದ್ದರೆ, ತಂತಿಯನ್ನು ತೆಗೆದುಹಾಕಿ ಎಲ್ ತಿರುಪನ್ನು ಬಿಗಿಯುತ್ತ ಹೋಗಿ ಡಿರೇಲರನ್ನು ನಡುವಣ ಚಕ್ರದ ಮೇಲೆಯೇ ನಿಲ್ಲಿಸಬಹುದು. ತಿರುಪು ಅಷ್ಟು ಉದ್ದವಿದ್ದರೆ ಮಾತ್ರ ಇದು ಸಾಧ್ಯ. ಹಿಂದಣ ಗೇರುಗಳಷ್ಟರಿಂದಲೇ ನಿತ್ಯದ ಶಾಲೆಯ ದಾರಿ ಸಾಗುವುದು. ಚೈನು ಕಳಚುವ ಭಯವೂ ಬಹುಮಟ್ಟಿಗೆ ತಪ್ಪುವುದು.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಚ್ಚಿನ ಕೆಳಗಿನ ರಾಡಿಯನ್ನು ಕೆದರುವ ಕೆಲಸವನ್ನು ಬೈಸಿಕಲ್ಲು ಏರುವ ಮಗುವಿಗೇ ಒಪ್ಪಿಸಿರಿ. ಹಾಗೆ ಮಾಡಿದ ಮನೆಯಲ್ಲಿ ತಿರುಪುಳಿಗೆ ಕೆಲಸ ಬೀಳುವುದು ಅಪರೂಪ.