ಆರು ಕಲ್ದಾರ, ಏಳು ಹಾಲಿ

ಡಾಲರಿನ ಎದುರು ರೂಪಾಯಿ ಒಂದಿಷ್ಟು ಜಾರಿದರೆ ಸಾಕು, ದೇಶದ ಮಾನವೇ ಹೋಯಿತೆಂಬ ಮಾತು ಟೀವಿಯಿಂದ ಚಹಾದಂಗಡಿಯವರೆಗೆ ಹಬ್ಬುತ್ತದೆ. ತುಸು ಏರಿದರೆ ಗೆದ್ದೆವೆಂಬ ಹಿಗ್ಗು. ಹಣದ ಬೆಲೆಯನ್ನು ಹೀಗೆ ಬಾವುಟದಂತೆ ಕಾಣುವುದು ತಪ್ಪೆಂದೇ ನನ್ನ ವಾದ. ವಿನಿಮಯ ದರದ ಬಗ್ಗೆ ಮೊದಲು ಕೇಳಬೇಕಾದದ್ದು ಒಂದೇ: ಒಂದು ನಾಣ್ಯದಲ್ಲಿ ಗಳಿಸಿ ಇನ್ನೊಂದರಲ್ಲಿ ತೆರಬೇಕಾದವನ ಕೈಯಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ? ಇದನ್ನು ತಿಳಿಯಲು ಆಳಂದ, ಅಫಜಲಪುರ, ಜೇವರ್ಗಿಗಳ ಚರಿತ್ರೆಯೇ ಸಾಕು.

1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ ಪಶ್ಚಿಮದ ಅಂಚು. ಆಳಂದದಿಂದ ಪಡುವಣಕ್ಕೆ ಹೊರಟರೆ ಅಕ್ಕಲಕೋಟೆ, ಸೊಲ್ಲಾಪುರ. ಅಫಜಲಪುರದಿಂದ ಭೀಮೆ ದಾಟಿದರೆ ಇಂಡಿ. ಜೇವರ್ಗಿಯ ಮಗ್ಗುಲಿಗೆ ಸಿಂದಗಿ. ಆಚೆ ನಡೆಯುತ್ತಿದ್ದುದು ಬ್ರಿಟಿಷರ ಕಲ್ದಾರ ರೂಪಾಯಿ, ಈಚೆ ನಿಜಾಮರ ಹಾಲಿ ಸಿಕ್ಕಾ. ಬೀಗತನ, ಸಂತೆ, ಜಾತ್ರೆಗಳು ಗಡಿ ನೋಡುತ್ತಿರಲಿಲ್ಲ. ಸೊಲ್ಲಾಪುರದ ಗಿರಣಿಯ ಪಗಾರ ಕಲ್ದಾರದಲ್ಲಿ ಬಂದರೆ, ಊರಿನ ಕಂದಾಯ ಹಾಲಿಯಲ್ಲಿ ಸಲ್ಲಬೇಕು. ಸಾಮಾನು ಗಡಿ ದಾಟಿಸುವಾಗ ಕರೋಡಗಿರಿ ನಾಕೆಯ ಸುಂಕ ಬೇರೆ.

20ನೆಯ ಶತಮಾನದಲ್ಲಿ ಬಹುಕಾಲ ನಿಂತ ದರ ಆರು ಕಲ್ದಾರಕ್ಕೆ ಏಳು ಹಾಲಿ. ನೂರು ಕಲ್ದಾರವೆಂದರೆ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಈ ಅಂತರ ಯಾರ ಗೌರವದಿಂದಲೂ ಹುಟ್ಟಿದ್ದಲ್ಲ. ಕಲ್ದಾರದ ತೂಕ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. ಹಾಲಿಯ ತೂಕ 11.18 ಗ್ರಾಂ, ಬೆಳ್ಳಿ ಸುಮಾರು 9.14 ಗ್ರಾಂ. ಭಾಗಿಸಿ ನೋಡಿದರೆ ಹೆಚ್ಚೂಕಡಿಮೆ ಏಳರಲ್ಲಿ ಆರು ಪಾಲೇ. ಆದರೆ 1940ರಲ್ಲಿ ಬ್ರಿಟಿಷರು ತಮ್ಮ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರೂ ದರ ಕದಲಲಿಲ್ಲ. ಆ ಹೊತ್ತಿಗೆ ಅದನ್ನು ಹಿಡಿದು ನಿಲ್ಲಿಸಿದ್ದು ಖಜಾನೆ.

ಈ ಲೆಕ್ಕದ ಒಳಗನ್ನೂ ನೋಡಬೇಕು. ಒಂದು ಕಲ್ದಾರಕ್ಕೆ ಒಂದು ರೂಪಾಯಿ ಎರಡಾಣೆ ಎಂಟು ಪೈ ಹಾಲಿ. ಪೂರ್ಣ ಸಂಖ್ಯೆ, ಜಗಳವಿಲ್ಲ. ತಿರುಗಿಸಿದರೆ ಒಂದು ಹಾಲಿಗೆ ಹದಿಮೂರಾಣೆ ಎಂಟು ಪೈ, ಅದರ ಮೇಲೆ ಪೈಯ ಏಳರಲ್ಲಿ ನಾಲ್ಕು ಪಾಲು. ಅಷ್ಟು ಸಣ್ಣ ನಾಣ್ಯ ಯಾವ ಟಂಕಸಾಲೆಯಲ್ಲೂ ಇರಲಿಲ್ಲ. ಸಾವಿರಗಟ್ಟಲೆ ಬದಲಿಸುವ ಸಾಹುಕಾರನಿಗೆ ಆ ಚೂರು ಲೆಕ್ಕಕ್ಕಿಲ್ಲ. ಒಂದೊಂದೇ ರೂಪಾಯಿ ಬದಲಿಸುವ ಕೂಲಿಯವನಿಗೆ ಮಾತ್ರ ಪ್ರತಿ ಸಲವೂ ನಷ್ಟ, ಸರಾಫನ ವಟ್ಟ ಬೇರೆ. ಸರ್ಕಾರಿ ದರ ಎಲ್ಲರಿಗೂ ಒಂದೇ ಎಂದು ಕಾಗದ ಹೇಳುತ್ತದೆ; ಬಡವನಿಗೆ ಸಿಗುವ ದರ ಯಾವತ್ತೂ ಬೇರೆಯೇ.

ದರ ನಿಲ್ಲುವ ಮೊದಲಿನ ಸ್ಥಿತಿ ಇನ್ನೂ ಕಠಿಣ. 1893ರಲ್ಲಿ ಬ್ರಿಟಿಷ್ ಟಂಕಸಾಲೆಗಳು ಸಾರ್ವಜನಿಕರ ಬೆಳ್ಳಿಗೆ ಬಾಗಿಲು ಮುಚ್ಚಿದ ಮೇಲೆ ಕಲ್ದಾರದ ಬೆಲೆ ಬೆಳ್ಳಿಯಿಂದ ಬಿಡಿಸಿಕೊಂಡಿತು, ಎರಡು ನಾಣ್ಯಗಳ ನಡುವಿನ ದರ ಹೊಯ್ದಾಡಿತು. ಸುಗ್ಗಿಯಲ್ಲಿ ಅರಳೆ, ಎಣ್ಣೆಕಾಳು ಕೊಳ್ಳಲು ಬರುವ ಹೊರಗಿನ ವ್ಯಾಪಾರಿಗೆ ಹಾಲಿ ಬೇಕು, ಹಾಗಾಗಿ ಹಾಲಿ ಏರುತ್ತದೆ. ಮುಂಬಯಿ ಪೇಟೆಯ ಧಾರಣೆ ಕಲ್ದಾರದಲ್ಲಿ ಗೊತ್ತಾಗಿರುವುದರಿಂದ ರೈತನಿಗೆ ಸಿಗುವ ಹಾಲಿ ಅಷ್ಟಕ್ಕೆ ಕಡಿಮೆ. ಕಂದಾಯದ ಹಾಲಿ ಮಾತ್ರ ಕಡಿಮೆಯಾಗದು. ನಮ್ಮ ನಾಣ್ಯ ಗಟ್ಟಿಯಾಯಿತೆಂದು ಹೈದರಾಬಾದಿನಲ್ಲಿ ಹಿಗ್ಗುವ ತಿಂಗಳೇ ಆಳಂದದ ರೈತ ಸೋಲುವ ತಿಂಗಳು. ನಾಣ್ಯ ಏರಿದರೆ ಎಲ್ಲರಿಗೂ ಲಾಭ ಎನ್ನುವವರು ಈ ಒಂದು ಲೆಕ್ಕಕ್ಕೆ ಉತ್ತರ ಕೊಡಲಿ.

ನಾನು ಗೌರವಿಸುವ ಎದುರುವಾದವೊಂದಿದೆ. ಸ್ವಂತ ನಾಣ್ಯವೆಂದರೆ ಸ್ವಂತ ಶಕ್ತಿ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ದುರ್ಲಭವಾದಾಗ ಹೈದರಾಬಾದ್ 1918ರಲ್ಲಿ ತನ್ನದೇ ಕಾಗದದ ನೋಟು ಹೊರಡಿಸಿತು. 1941ರಲ್ಲಿ ಸಂಸ್ಥಾನಕ್ಕೆ ತನ್ನದೇ ಬ್ಯಾಂಕು ಬಂತು. ನೋಟು, ನಾಣ್ಯಗಳ ಲಾಭ ದಿಲ್ಲಿಗೆ ಹೋಗದೆ ಇಲ್ಲೇ ಉಳಿಯಿತು. ಇದು ಹಗುರ ಮಾತಲ್ಲ. ತನ್ನ ಹಣ ತಾನೇ ನಡೆಸಬಲ್ಲ ಸರ್ಕಾರಕ್ಕೆ ಬರಗಾಲದಲ್ಲಿ ಒಂದು ಕೈ ಹೆಚ್ಚು. ಆದರೆ ಕಲ್ದಾರಕ್ಕೆ ಕಟ್ಟಿಹಾಕಿದ ನಾಣ್ಯಕ್ಕೆ ಕಲ್ದಾರದ ಬೆಲೆಯೇರಿಕೆ ಹಿಂಬಾಗಿಲಿನಿಂದ ಬರುತ್ತದೆ. ಉಳಿದ ಲಾಭ ಗಡಿಯ ಹಳ್ಳಿಗೆ ರಸ್ತೆಯಾಗಿ, ಶಾಲೆಯಾಗಿ ತಲುಪದಿದ್ದರೆ ಅದು ದರ್ಬಾರಿನ ಶಕ್ತಿ, ಜನರದ್ದಲ್ಲ.

ಆ ಶಕ್ತಿ ಯಾರ ಮೇಲೆ ತಿರುಗಬಲ್ಲದೆಂಬುದು ಬೇಗ ಗೊತ್ತಾಯಿತು. 1947ರ ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾದ ಸ್ವಲ್ಪ ದಿನಕ್ಕೇ ನಿಜಾಮ್ ಸರ್ಕಾರ ಸುಗ್ರೀವಾಜ್ಞೆಯಿಂದ ಭಾರತದ ನಾಣ್ಯದ ಕಾನೂನು ಮಾನ್ಯತೆ ಕಳೆಯಿತು. ಸೊಲ್ಲಾಪುರದಲ್ಲಿ ದುಡಿದು ಅಫಜಲಪುರದಲ್ಲಿ ಉಣ್ಣುವವನ ಬೆವರಿನ ಹಣ ತನ್ನೂರಿನಲ್ಲೇ ಅಮಾನ್ಯ! ಪ್ರಭುತ್ವದ ಪ್ರತಿಷ್ಠೆಗೆ ದಂಡ ತೆತ್ತವರು ಇಂಥವರು. ಇದನ್ನು ಸ್ವಾಭಿಮಾನವೆಂದು ಕರೆಯಲು ನಾನು ಸಿದ್ಧನಿಲ್ಲ.

ದೂರದ ದಕ್ಷಿಣ ಅಮೆರಿಕದ ಪಾಠವೂ ಇದೇ. ಅರ್ಜೆಂಟೀನಾ 1991ರಲ್ಲಿ ತನ್ನ ನಾಣ್ಯವನ್ನು ಕಾನೂನಿನಿಂದ ಡಾಲರಿಗೆ ಕಟ್ಟಿಹಾಕಿ, ಮರುವರ್ಷದಿಂದ ಒಂದು ಪೆಸೊ ಒಂದು ಡಾಲರಿಗೆ ಸಮವೆಂದು ಬೀಗಿತು. 1999ರಲ್ಲಿ ನೆರೆಯ ಬ್ರೆಜಿಲ್ ತನ್ನ ರಿಯಾಲ್ ಇಳಿಯಗೊಟ್ಟಾಗ ಅರ್ಜೆಂಟೀನಾದ ಸರಕು ನೆರೆಪೇಟೆಯಲ್ಲಿ ದುಬಾರಿಯಾಯಿತು. 2002ರಲ್ಲಿ ಆ ಸಮಾನತೆ ಮುರಿದು ಬಿದ್ದಾಗ ಬ್ಯಾಂಕಿನಲ್ಲಿ ಉಳಿತಾಯವಿಟ್ಟ ಸಾಮಾನ್ಯರು ಬೀದಿಗೆ ಬಂದರು.

ಹಾಲಿ ಸಿಕ್ಕಾ ಹೋಯಿತು, ಪ್ರಶ್ನೆ ಉಳಿಯಿತು. ಈ ಸೀಮೆಯ ತೊಗರಿ ಇಂದು ಮ್ಯಾನ್ಮಾರ್, ಮೊಜಾಂಬಿಕ್‌ಗಳ ತೊಗರಿಯ ಎದುರು ನಿಲ್ಲಬೇಕು. ರೂಪಾಯಿ ಇಳಿದರೆ ಆಮದು ತೊಗರಿ ತುಟ್ಟಿಯಾಗಿ ಇಲ್ಲಿನ ರೈತನಿಗೆ ಒಳ್ಳೆಯ ಧಾರಣೆ ಸಿಗಬಹುದು. ಅದೇ ಇಳಿತ ಡೀಸೆಲ್ಲನ್ನೂ ಡಿಎಪಿ ಗೊಬ್ಬರವನ್ನೂ ತುಟ್ಟಿ ಮಾಡುತ್ತದೆ. ಪಟ್ಟಣದ ಕೂಲಿಯವನ ತಟ್ಟೆಯ ಬೇಳೆಯನ್ನೂ ಬಿಡದು. ಸುಂಕವಿಲ್ಲದ ಆಮದಿಗೆ ಬಾಗಿಲು ತೆರೆದರೆ ರೈತನ ಪಾಲಿನ ಲಾಭ ಅಳಿದು ನಷ್ಟ ಮಾತ್ರ ಉಳಿಯುತ್ತದೆ. ಆದ್ದರಿಂದ ದರ ಏರಲಿ ಇಳಿಯಲಿ, ಸರ್ಕಾರ ಮಾಡಬೇಕಾದ ಕೆಲಸ ಇದು: ಏರಿಳಿತದ ಹೊರೆ ಯಾರ ಮೇಲೆ ಬಿದ್ದಿತೆಂದು ಲೆಕ್ಕ ಹಾಕಿ, ಸುಗ್ಗಿಗೆ ಮೊದಲೇ ಸುಂಕವನ್ನೂ ಬೆಂಬಲ ಬೆಲೆಯ ಖರೀದಿಯನ್ನೂ ಅದಕ್ಕೆ ಹೊಂದಿಸುವುದು. ಮಿಕ್ಕ ಜಯಘೋಷಕ್ಕೂ ಗೋಳಾಟಕ್ಕೂ ರೈತನ ಬಾಳಿನಲ್ಲಿ ಬೆಲೆಯಿಲ್ಲ.