ಒಂದು ರೂಪಾಯಿಯ ಋಣ

ರಾಜರಾಜೇಶ್ವರಿನಗರದ ನಮ್ಮ ದಿನಸಿ ಅಂಗಡಿಗೆ ಅನೇಕ ವರ್ಷಗಳಿಂದ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ಬೆಳಗಿನ ನಡಿಗೆ ಮುಗಿಸಿ, ಬಟ್ಟೆಯ ಚೀಲ ಹಿಡಿದು, ನಗುನಗುತ್ತ ಬರುತ್ತಾರೆ. ಅರ್ಧ ಕಿಲೊ ತೊಗರಿಬೇಳೆ, ಕಾಲು ಕಿಲೊ ಬೆಲ್ಲ. ಅವರು ಬಾಯಿ ತೆರೆಯುವ ಮೊದಲೇ ನಾನು ತೂಗಿರುತ್ತೇನೆ. ಇಷ್ಟನ್ನೇ ಪರಿಚಯವೆಂದು ಬಹುಕಾಲ ಭಾವಿಸಿದ್ದೆ.

ಒಂದು ದಿನ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಇರಲಿಲ್ಲ. ಎಲ್ಲರ ರೂಢಿಯಂತೆ ಒಂದು ರೂಪಾಯಿಗೆ ಬದಲಾಗಿ ಒಂದು ಚಾಕೊಲೇಟ್ ಕೊಟ್ಟೆ. ಅವರು ಅದನ್ನು ಮೆಲ್ಲನೆ ಹಿಂದಕ್ಕೆ ಸರಿಸಿ, ‘ಇದು ಬೇಡ ಸ್ವಾಮಿ. ರೂಪಾಯಿ ನಿಮ್ಮಲ್ಲೇ ಇರಲಿ, ನಾಳೆ ಕೊಡಿ’ ಎಂದರು. ಒಂದು ರೂಪಾಯಿಗೆ ಇಷ್ಟೊಂದು ಲೆಕ್ಕವೇ ಎಂದು ಮನಸ್ಸಿನಲ್ಲೇ ನಕ್ಕೆ. ಅದು ಮುಖದಲ್ಲೂ ಕಂಡಿರಬೇಕು. ಅಂದು ಮೊದಲ ಬಾರಿಗೆ ಅವರು ತಮ್ಮ ಬದುಕಿನ ಮಾತನ್ನಾಡಿದರು.

ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ‘ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದೆ. ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಜನ ಕೇಳಲು ಮರೆಯುತ್ತಿದ್ದರು. ನನಗೆ ನೆನಪಿರುತ್ತಿತ್ತು, ಆದರೂ ಸುಮ್ಮನಿರುತ್ತಿದ್ದೆ. ಈಗ ಹಿಂದಿರುಗಿಸೋಣವೆಂದರೆ ಆ ಜನರನ್ನು ಎಲ್ಲಿ ಹುಡುಕಲಿ? ನಿಮಗೆ ಆ ಕಷ್ಟವಿಲ್ಲ. ನನ್ನ ಮುಖ ನಿಮಗೆ ಗೊತ್ತು, ನಾಳೆಯೂ ಬರುತ್ತೇನೆ.’

ನನ್ನ ನಗು ಅಲ್ಲಿಗೆ ನಿಂತಿತು. ಅವರು ಕೇಳಿದ್ದು ತಮ್ಮ ರೂಪಾಯಿಯನ್ನಲ್ಲ. ತಾವು ಹೊತ್ತ ಭಾರ ನನಗೆ ಬಾರದಿರಲೆಂದು ಬಯಸಿದ್ದರು.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಶ್ರಾವಕರ ವ್ರತಗಳನ್ನು ವಿವರಿಸುತ್ತದೆ. ಅದರ ಪ್ರಕಾರ, ಒಡೆಯನು ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯ. ಅಚೌರ್ಯಾಣುವ್ರತಕ್ಕೆ ಅಲ್ಲಿ 5 ಅತಿಚಾರಗಳನ್ನು ಹೇಳಲಾಗಿದೆ: ಕಳ್ಳತನಕ್ಕೆ ಪ್ರೇರೇಪಿಸುವುದು, ಕದ್ದ ಮಾಲನ್ನು ಪಡೆಯುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ-ಅಳತೆಗಳಲ್ಲಿ ವಂಚಿಸುವುದು ಮತ್ತು ಕಲಬೆರಕೆ ಮಾಡುವುದು. ಇವನ್ನು ಓದುವಾಗ ಬಸದಿಗಿಂತ ಅಂಗಡಿಯೇ ಕಣ್ಣೆದುರು ಬರುತ್ತದೆ. ವ್ಯಾಪಾರಿಯ ವ್ರತ ಪರೀಕ್ಷೆಗೊಳಗಾಗುವುದು ತಕ್ಕಡಿಯ ಮುಂದೆಯೇ. ಚಾಕೊಲೇಟ್ ಬೇಕೆಂದು ಅವರು ಕೇಳಿರಲಿಲ್ಲ. ರೂಪಾಯಿಯನ್ನು ನನಗೆ ಕೊಟ್ಟಿರಲೂ ಇಲ್ಲ. ನಾನೇ ಇಟ್ಟುಕೊಂಡಿದ್ದೆ.

ಈಗ ಮೊಬೈಲಿನಲ್ಲೇ ಪೈಸೆ ಸಮೇತ ಹಣ ಬರುವುದರಿಂದ ಚಿಲ್ಲರೆಯ ಚಿಂತೆ ಎಲ್ಲಿದೆ ಎಂದು ಕೇಳಬಹುದು. ನಾಣ್ಯ ಮರೆಯಾದರೂ ಲೋಭ ಮರೆಯಾಗಿಲ್ಲ. ಡಬ್ಬದ ತೂಕವನ್ನು ಸಿಹಿತಿಂಡಿಯ ಬೆಲೆಗೆ ಸೇರಿಸುವ ಕೈ, ಹಳೆಯ ಸರಕನ್ನು ಹೊಸದರೊಳಗೆ ಬೆರೆಸುವ ಕೈ ಇಂದಿಗೂ ಇದೆ. ‘ಅಂಗಡಿಯ ಹುಡುಗ ಮಾಡಿದ್ದು’ ಎನ್ನುವಂತೆಯೂ ಇಲ್ಲ. ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು, ಈ ಮೂರರಿಂದಲೂ ಕರ್ಮಾಸ್ರವ ಉಂಟಾಗುತ್ತದೆ ಎಂಬುದು ಜಿನಧರ್ಮದ ನಿಲುವು.

ಆ ಹಿರಿಯರು ಹುಟ್ಟಿನಿಂದ ಜೈನರಲ್ಲ. ಅಣುವ್ರತವೆಂಬ ಹೆಸರನ್ನು ಕೇಳಿದ್ದಾರೋ ಇಲ್ಲವೋ ತಿಳಿಯದು. ಆದರೆ ಗುಣದಲ್ಲಿ ನಮಗಿಂತ ಹಿರಿದಾದವರನ್ನು ಕಂಡಾಗ ಸಂತೋಷಪಡುವ ಪ್ರಮೋದ ಭಾವನೆಯನ್ನು ಅದೇ ಅಧ್ಯಾಯ ಬೋಧಿಸುತ್ತದೆ. ಗುಣವಿದ್ದಲ್ಲಿ ತಲೆಬಾಗಲು ಕುಲ ವಿಚಾರಿಸಬೇಕಿಲ್ಲ. ಗಿರಾಕಿಯನ್ನು ಲಾಭದ ಮೂಲವೆಂದಷ್ಟೇ ಕಂಡರೆ ವಂಚನೆ ಸುಲಭ; ಅವನ ಬದುಕನ್ನು ಒಮ್ಮೆ ಆಲಿಸಿದರೆ ಕೈ ತಾನಾಗಿಯೇ ಹಿಂಜರಿಯುತ್ತದೆ. ಮೈತ್ರಿ ಭಾವನೆ ಅಚೌರ್ಯಕ್ಕೆ ಕಾವಲಾಗುವುದು ಹೀಗೆ.

ಮರುದಿನ ಅವರು ಬರುವ ವೇಳೆಗೆ ನಾಣ್ಯವನ್ನು ತೆಗೆದಿರಿಸಿದ್ದೆ. ಅದನ್ನು ಪಡೆದು ಎಂದಿನಂತೆ ನಕ್ಕು, ಅರ್ಧ ಕಿಲೊ ಬೇಳೆ ಕೇಳಿದರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಚಿಲ್ಲರೆಗೆಂದೇ ಒಂದು ಡಬ್ಬಿ ಇದೆ. ಚಾಕೊಲೇಟ್ ಕೇಳಿದವರಿಗೆ ಮಾತ್ರ.