ಬೆನ್ನಿಗೊಪ್ಪುವ ವಾಹನ



ನಿತ್ಯ ಮೋಟಾರು ಸೈಕಲ್ಲಿನಲ್ಲಿ ಶಾಲೆಗೆ ಹೋಗಿಬರುವ ಶಿಕ್ಷಕರೊಬ್ಬರು, ಇಷ್ಟಲಿಂಗಪೂಜೆಗೆ ಕುಳಿತರೆ ಬೆನ್ನು ನೆಟ್ಟಗೆ ನಿಲ್ಲದೆಂದು ನಮ್ಮಲ್ಲಿ ಅಳಲು ತೋಡಿಕೊಂಡರು. ಮಗನ ಆಸೆಗೆ ಮಣಿದು, ಮುಂದಕ್ಕೆ ಬಾಗಿ ಓಡಿಸಬೇಕಾದ ವಾಹನವನ್ನು ಅವರು ಕೊಂಡಿದ್ದರು.

ಹಾಗೆ ಬಾಗಿದರೆ ಸೊಂಟವೂ ಮಣಿಕಟ್ಟೂ ಬಳಲುತ್ತವೆ. ಕಾಲನ್ನು ಮುಂದೆ ಚಾಚಿ ಕುಳಿತರೆ ಗುಂಡಿಯ ಪೆಟ್ಟು ನೇರವಾಗಿ ಬೆನ್ನುಮೂಳೆಯ ಬುಡಕ್ಕೇ ತಾಗುತ್ತದೆ. ಬೆನ್ನು ನೆಟ್ಟಗಿದ್ದು, ಪಾದಗಳು ಹೆಚ್ಚುಕಡಿಮೆ ಸೊಂಟದ ಕೆಳಗೇ ಇರುವ ಭಂಗಿ ಲೇಸು; ಗುಂಡಿ ಬಂದಾಗ ಕಾಲೂರಿ ತುಸು ಎದ್ದು ಪೆಟ್ಟನ್ನು ತಪ್ಪಿಸಿಕೊಳ್ಳಬಹುದು.

ತೂಕವನ್ನೂ ವಿಚಾರಿಸಬೇಕು. ಸ್ಪ್ಲೆಂಡರ್ ಸುಮಾರು 112 ಕಿಲೋ, ಕ್ಲಾಸಿಕ್ 350 ಸುಮಾರು 195 ಕಿಲೋ. ಓಡುವಾಗ ಅರಿವಾಗದ ಈ ಅಂತರ, ಹಿಂದಕ್ಕೆ ತಳ್ಳುವಾಗ, ಸ್ಟ್ಯಾಂಡ್ ಹಾಕುವಾಗ ಬೆನ್ನಿಗೆ ತಿಳಿಯುತ್ತದೆ. ನಿಂತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಸೆಲ್ಫ್ ಸ್ಟಾರ್ಟ್ ಇರಬೇಕು. ಅಂಗಡಿಯಲ್ಲಿ ಸೀಟಿನ ಮೆತ್ತಗೆ ಮರುಳಾಗದೆ, ತಮ್ಮೂರಿನ ರಸ್ತೆಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿರಿ. ನೋವು ಕಾಲಿಗಿಳಿದರೆ, ಜೋಮು ಹಿಡಿದರೆ ವಾಹನದ ಮಾತು ಬಿಟ್ಟು ಮೊದಲು ವೈದ್ಯರನ್ನು ಕಾಣಿರಿ.

ಶಿಕ್ಷಕರು ಸಂಕೋಚ ತೊರೆದು ಹಗುರ ವಾಹನಕ್ಕೆ ಬದಲಾದರು. ವಾಹನವಿರುವುದು ಅಂತಸ್ತಿಗಲ್ಲ, ಅಗತ್ಯಕ್ಕೆ. ಕಾಯವೇ ಕುಗ್ಗಿದರೆ ಕಾಯಕವೆಲ್ಲಿಯದು?